ಕಾರ್ಡ್ ಸರಿಯಿದ್ದರೂ ಬಾಗಿಲು ಏಕೆ ತೆರೆಯುವುದಿಲ್ಲ? ಕಾರ್ಡ್ ರೀಡರಿನ ಕರೆಂಟು ಮತ್ತು ವೈರಿನ ದೋಷ ಹುಡುಕುವ ಬಗೆ

ಕೋಲಾರದಿಂದ ಬೆಂಗಳೂರಿನ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ನರಸಾಪುರದ ಬಳಿ ಪಾಳಿ ಬದಲಾಗುವ ಹೊತ್ತಿಗೆ ನಿಂತು ನೋಡಿದರೆ, ಕಾರ್ಖಾನೆಯ ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರ ಕೊರಳಲ್ಲೂ ಒಂದು ಕಾರ್ಡ್ ನೇತಾಡುತ್ತಿರುತ್ತದೆ. ವೇಮಗಲ್ ಮತ್ತು ಮಾಲೂರಿನ ಕೈಗಾರಿಕಾ ಪ್ರದೇಶಗಳಲ್ಲೂ ಇದೇ ದೃಶ್ಯ. ಹಿಂದೆ ಕಾರ್ಖಾನೆಯ ಗೇಟಿನಲ್ಲಿ ಮಾತ್ರ ಕಾಣುತ್ತಿದ್ದ ಕಾರ್ಡ್ ರೀಡರ್ ಈಗ ಕೆಲಸಗಾರರ ಹಾಸ್ಟೆಲಿಗೆ, ಪಿ.ಜಿ.ಗೆ, ಅಪಾರ್ಟ್‌ಮೆಂಟಿಗೆ, ಆಸ್ಪತ್ರೆಯ ಔಷಧ ಕೋಣೆಗೆ, ಕಾಲೇಜಿನ ಲ್ಯಾಬಿಗೂ ಬಂದಿದೆ. ಅದು ಕೆಲಸ ಮಾಡುತ್ತಿರುವವರೆಗೆ ಅದರ ಬಗ್ಗೆ ಯಾರೂ ಯೋಚಿಸುವುದಿಲ್ಲ. ಒಂದು ದಿನ ಕಾರ್ಡ್ ತೋರಿಸಿದರೂ ಬಾಗಿಲು ತೆರೆಯದಿದ್ದಾಗ, ಹಾಜರಿ ಬೀಳದೆ ಅರ್ಧ ದಿನದ ಸಂಬಳದ ಪ್ರಶ್ನೆ ಎದ್ದಾಗ, ರಾತ್ರಿ ಪಾಳಿ ಮುಗಿಸಿ ಬಂದವರು ಗೇಟಿನ ಹೊರಗೆ ನಿಲ್ಲಬೇಕಾದಾಗ ಈ ಪುಟ್ಟ ಪೆಟ್ಟಿಗೆಯೊಳಗೆ ಏನು ನಡೆಯುತ್ತದೆ ಎಂಬುದು ಎಲ್ಲರ ಕಾಳಜಿಯಾಗುತ್ತದೆ.

ಕೋಲಾರದ ಹೊರವಲಯದಲ್ಲಿರುವ ಒಂದು ಮಹಿಳಾ ಹಾಸ್ಟೆಲಿನಿಂದ ನನಗೆ ಇಂಥದೇ ದೂರು ಬಂದಿತ್ತು. ಹಗಲಿಡೀ ಸರಿಯಾಗಿರುತ್ತಿದ್ದ ರೀಡರ್ ರಾತ್ರಿ ಒಂಬತ್ತಾದ ಮೇಲೆ ಸತ್ತಂತಾಗುತ್ತಿತ್ತು. ಮೊದಲು ಹುಡುಗಿಯರ ಕಾರ್ಡ್ ಕೆಟ್ಟಿದೆ ಎಂದು ಹೊಸ ಕಾರ್ಡ್ ಕೊಟ್ಟರು, ಅದಕ್ಕೆ ದುಡ್ಡನ್ನೂ ಪಡೆದರು. ಆಮೇಲೆ ರೀಡರ್ ಕೆಟ್ಟಿದೆ ಎಂದು ಅದನ್ನು ಎರಡು ಸಲ ಬದಲಾಯಿಸಿದರು. ದೋಷ ಮಾತ್ರ ಇದ್ದಲ್ಲೇ ಇತ್ತು. ನಾನು ಕಂಡಂತೆ ಇಂಥ ದೂರುಗಳಲ್ಲಿ ಹೆಚ್ಚಿನವುಗಳ ಮೂಲ ಕಾರ್ಡಿನಲ್ಲಾಗಲಿ ರೀಡರಿನಲ್ಲಾಗಲಿ ಇರುವುದಿಲ್ಲ; ರೀಡರಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಮತ್ತು ಅಲ್ಲಿಂದ ಗೇಟಿನವರೆಗೆ ಎಳೆದಿರುವ ವೈರಿನಲ್ಲಿ ಇರುತ್ತದೆ. ಅದನ್ನು ಹುಡುಕುವುದಕ್ಕೆ ಎಂಜಿನಿಯರಿಂಗ್ ಓದಿರಬೇಕಿಲ್ಲ. ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್, ಸ್ವಲ್ಪ ಗುಣಾಕಾರ ಮತ್ತು ತಾಳ್ಮೆ ಇದ್ದರೆ ಆಗುತ್ತದೆ.

ಒಂದು ಬಾಗಿಲಿನ ಹಿಂದೆ ಏನೇನು ಇರುತ್ತದೆ

ಗೋಡೆಯ ಮೇಲೆ ಕಾಣುವ ರೀಡರ್ ಈ ವ್ಯವಸ್ಥೆಯ ಒಂದು ತುದಿ ಮಾತ್ರ. ಅದು ತನ್ನ ಸುತ್ತ ಕೆಲವು ಸೆಂಟಿಮೀಟರಿನಷ್ಟು ಜಾಗದಲ್ಲಿ ಸದಾ ಒಂದು ರೇಡಿಯೋ ಅಲೆಯನ್ನು ಹರಡುತ್ತಿರುತ್ತದೆ. ಹಳೆಯ ಬಗೆಯ ಕಾರ್ಡುಗಳಲ್ಲಿ ಇದು 125 ಕಿಲೋಹರ್ಟ್ಜ್, ಹೊಸ ಬಗೆಯ ಸ್ಮಾರ್ಟ್ ಕಾರ್ಡುಗಳಲ್ಲಿ 13.56 ಮೆಗಾಹರ್ಟ್ಜ್. ಕಾರ್ಡಿನೊಳಗೆ ಬ್ಯಾಟರಿ ಇರುವುದಿಲ್ಲ. ಕೂದಲೆಳೆಯಂಥ ತಂತಿಯ ಸುರುಳಿ ಮತ್ತು ಸಾಸಿವೆ ಕಾಳಿನಷ್ಟು ಚಿಪ್ ಇರುತ್ತದೆ. ಕಾರ್ಡನ್ನು ಹತ್ತಿರ ಹಿಡಿದಾಗ ರೀಡರಿನ ಅಲೆಯಿಂದಲೇ ಆ ಸುರುಳಿಯಲ್ಲಿ ಚೂರು ವಿದ್ಯುತ್ ಹುಟ್ಟಿ, ಚಿಪ್ ಎಚ್ಚೆತ್ತು ತನ್ನ ಸಂಖ್ಯೆಯನ್ನು ಹೇಳುತ್ತದೆ. ಅಂದರೆ ಕಾರ್ಡಿಗೂ ಊಟ ಹಾಕುವುದು ರೀಡರೇ. ರೀಡರಿಗೆ ಸಿಗುವ ಕರೆಂಟು ಸೊರಗಿದರೆ ಅದರ ಅಲೆಯೂ ಸೊರಗಬಹುದು, ಆಗ ಮೊದಲು ನಾಲ್ಕು ಬೆರಳು ದೂರದಿಂದ ಓದುತ್ತಿದ್ದ ಕಾರ್ಡನ್ನು ಈಗ ಒತ್ತಿ ಹಿಡಿದರೂ ಓದದಿರಬಹುದು.

ರೀಡರ್ ಓದಿದ ಸಂಖ್ಯೆ ವೈರಿನ ಮೂಲಕ ಒಳಗಿರುವ ಕಂಟ್ರೋಲರಿಗೆ ಹೋಗುತ್ತದೆ. ಈ ಸಂಖ್ಯೆಯವರನ್ನು ಒಳಗೆ ಬಿಡಬೇಕೋ ಬೇಡವೋ ಎಂದು ನಿರ್ಧರಿಸುವುದು ಕಂಟ್ರೋಲರ್. ಬಿಡಬಹುದು ಎಂದಾದರೆ ಅದು ತನ್ನೊಳಗಿನ ರಿಲೇಯನ್ನು, ಅಂದರೆ ವಿದ್ಯುತ್ತಿನಿಂದ ಒತ್ತಲ್ಪಡುವ ಒಂದು ಸ್ವಿಚ್ಚನ್ನು ಬದಲಿಸುತ್ತದೆ, ಆ ಸ್ವಿಚ್ಚು ಬಾಗಿಲ ಮೇಲಿರುವ ಮ್ಯಾಗ್ನೆಟಿಕ್ ಲಾಕಿನ ಕರೆಂಟನ್ನು ಕೆಲವು ಸೆಕೆಂಡು ಕಡಿಯುತ್ತದೆ. ಮ್ಯಾಗ್ನೆಟಿಕ್ ಲಾಕ್ ಎಂದರೆ ಕರೆಂಟು ಹರಿಯುತ್ತಿರುವವರೆಗೆ ಕಬ್ಬಿಣದ ಪಟ್ಟಿಯನ್ನು ಕಚ್ಚಿ ಹಿಡಿಯುವ ವಿದ್ಯುತ್ಕಾಂತ. ಮೇಲಿನ ಎಲ್ಲಕ್ಕೂ 230 ವೋಲ್ಟಿನ ಮನೆಯ ಕರೆಂಟನ್ನು ಸಾಮಾನ್ಯವಾಗಿ 12 ವೋಲ್ಟಿನ ಡಿ.ಸಿ.ಗೆ ಇಳಿಸಿ ಕೊಡುವುದು ಎಸ್‌ಎಂಪಿಎಸ್.

ಇವುಗಳ ಹಸಿವು ಒಂದೇ ತೆರನಾದುದಲ್ಲ ಎಂಬುದನ್ನು ಇಲ್ಲಿಯೇ ಗಮನಿಸಬೇಕು. ಒಂದು ಸಾಧಾರಣ ರೀಡರಿಗೆ 100 ಮಿಲಿಆಂಪಿಯರ್ ಸುತ್ತಮುತ್ತ, ಅಂದರೆ ಒಂದು ಆಂಪಿಯರಿನ ಹತ್ತನೇ ಒಂದು ಪಾಲು ಕರೆಂಟು ಸಾಕು. ಬಾಗಿಲನ್ನು 270-280 ಕಿಲೋ ಬಲದಿಂದ ಹಿಡಿಯುವ ಸಾಮಾನ್ಯ ಮ್ಯಾಗ್ನೆಟಿಕ್ ಲಾಕು 12 ವೋಲ್ಟಿನಲ್ಲಿ ಸುಮಾರು 500 ಮಿಲಿಆಂಪಿಯರ್ ಎಳೆಯುತ್ತದೆ. ರೀಡರಿಗಿಂತ ಐದು ಪಟ್ಟು ತಿನ್ನುವ ಈ ಲಾಕನ್ನು ಅದೇ ತೆಳು ವೈರಿಗೆ ಕಟ್ಟಿದಾಗ ಮುಂದೆ ಹೇಳುವ ಹೆಚ್ಚಿನ ತೊಂದರೆಗಳು ಹುಟ್ಟುತ್ತವೆ.

ಬೀಪ್ ಸದ್ದನ್ನು ಕೇಳಿಸಿಕೊಳ್ಳಿ

ದೋಷ ಎಲ್ಲಿದೆ ಎಂಬುದರ ಅರ್ಧ ಉತ್ತರವನ್ನು ರೀಡರೇ ಹೇಳುತ್ತದೆ. ಕಾರ್ಡ್ ಹಿಡಿದಾಗ ಬರುವ ಮೊದಲ ಬೀಪ್ ಹೆಚ್ಚಿನ ರೀಡರುಗಳಲ್ಲಿ ರೀಡರಿನದೇ ಸ್ವಂತ ಸದ್ದು. ‘ನಾನು ಓದಿದೆ’ ಎನ್ನುವುದಷ್ಟೇ ಅದರ ಅರ್ಥ, ‘ಬಾಗಿಲು ತೆರೆಯುತ್ತೇನೆ’ ಎಂದಲ್ಲ. ಬೀಪ್ ಬಂದು ಬಾಗಿಲು ತೆರೆಯದಿದ್ದರೆ ಕಾರ್ಡೂ ರೀಡರಿಗೆ ಬರುವ ಕರೆಂಟೂ ಸದ್ಯಕ್ಕೆ ಸರಿಯಿವೆ ಎಂದುಕೊಂಡು, ರೀಡರಿನಿಂದ ಕಂಟ್ರೋಲರಿಗೆ ಹೋಗುವ ಡೇಟಾ ವೈರನ್ನು, ಆ ಕಾರ್ಡಿಗೆ ಅನುಮತಿ ಇದೆಯೇ ಎಂಬುದನ್ನು, ಲಾಕಿನ ರಿಲೇಯನ್ನು ನೋಡಬೇಕು. ಬೀಪೂ ಇಲ್ಲ, ದೀಪವೂ ಇಲ್ಲ ಎಂದರೆ ರೀಡರಿಗೆ ಕರೆಂಟೇ ಬರುತ್ತಿಲ್ಲದಿರಬಹುದು, ಅಥವಾ ಅದು ನಡೆಯಲಾರದಷ್ಟು ಕಡಿಮೆ ಬರುತ್ತಿರಬಹುದು. ದೀಪ ಮಂಕಾಗಿ ಉರಿಯುತ್ತಿದ್ದರೆ, ಅಥವಾ ಲಾಕು ಕಚ್ಚಿದ ಕ್ಷಣದಲ್ಲೇ ರೀಡರ್ ಒಮ್ಮೆ ಆರಿ, ಹೊಸದಾಗಿ ಚಾಲೂ ಆದಾಗ ಮಾಡುವ ಸದ್ದನ್ನು ಮತ್ತೆ ಮಾಡಿದರೆ, ಕರೆಂಟು ಬರುತ್ತಿದೆ ಆದರೆ ಸಾಲುತ್ತಿಲ್ಲ ಎಂದು ತಿಳಿಯಬೇಕು.

ಹೊತ್ತನ್ನೂ ಕೇಳಬೇಕು. ಮಳೆಯಾದ ಮರುದಿನ ಬರುವ ದೋಷ, ಮಧ್ಯಾಹ್ನದ ಬಿಸಿಲಿನಲ್ಲಿ ಬರುವ ದೋಷ, ಕರೆಂಟು ಹೋಗಿ ಬಂದ ಮೇಲೆ ಬರುವ ದೋಷ, ಇವೆಲ್ಲ ಬೇರೆ ಬೇರೆ ಕಡೆಗೆ ಬೆರಳು ತೋರಿಸುತ್ತವೆ. ಹಾಸ್ಟೆಲಿನ ವಿಷಯದಲ್ಲಿ ನಾನು ವಾರ್ಡನ್ ಅವರನ್ನು ಕೇಳಿದ ಮೊದಲ ಪ್ರಶ್ನೆ, ರಾತ್ರಿ ಒಂಬತ್ತಕ್ಕೆ ಗೇಟಿನಲ್ಲಿ ಏನು ಬದಲಾಗುತ್ತದೆ ಎಂಬುದು. ‘ಹಗಲು ಗೇಟ್ ಲಾಕ್ ಹಾಕಿರಲ್ಲ ಸರ್, ಹೋಗೋರು ಬರೋರು ಜಾಸ್ತಿ. ಒಂಬತ್ತಕ್ಕೆ ಸ್ವಿಚ್ ಹಾಕಿ ಲಾಕ್ ಮಾಡ್ತೀವಿ’ ಎಂದರು ಅವರು. ಆ ಒಂದು ಮಾತಿನಲ್ಲಿ ಮುಕ್ಕಾಲು ಉತ್ತರ ಸಿಕ್ಕಿತ್ತು.

ಬಾಕ್ಸಿನಲ್ಲಿ 12 ವೋಲ್ಟ್ ಇದ್ದರೆ ಗೇಟಿನಲ್ಲಿ ಎಷ್ಟು?

ನಮ್ಮ ಜಿಲ್ಲೆಯ ಟೊಮೆಟೊ ಬೆಳೆಗಾರರಿಗೆ ಇದನ್ನು ವಿವರಿಸುವುದು ಬಲು ಸುಲಭ. ಡ್ರಿಪ್ ಪೈಪಿನಲ್ಲಿ ನೀರು ಬಿಟ್ಟಾಗ ಮೊದಲ ಗಿಡಗಳಿಗೆ ಚೆನ್ನಾಗಿ ತೊಟ್ಟಿಕ್ಕುವ ನೀರು, ಪೈಪು ತೀರ ತೆಳುವಾಗಿ ಸಾಲು ತೀರ ಉದ್ದವಾಗಿದ್ದರೆ ಕೊನೆಯ ಗಿಡಗಳಿಗೆ ಸರಿಯಾಗಿ ತಲುಪುವುದಿಲ್ಲ. ನೀರು ಪೈಪಿನ ಗೋಡೆಗೆ ಉಜ್ಜಿಕೊಂಡು ಹೋಗುವಾಗ ದಾರಿಯುದ್ದಕ್ಕೂ ಒತ್ತಡ ಸವೆಯುತ್ತದೆ. ಕರೆಂಟಿನಲ್ಲಿ ಆ ಒತ್ತಡದ ಹೆಸರು ವೋಲ್ಟೇಜ್, ಹರಿಯುವ ನೀರಿನ ಪ್ರಮಾಣದ ಹೆಸರು ಆಂಪಿಯರ್, ಪೈಪಿನ ಅಡ್ಡಿಯ ಹೆಸರು ರೋಧ, ಅದನ್ನು ಅಳೆಯುವುದು ಓಮ್‌ಗಳಲ್ಲಿ. ದಾರಿಯಲ್ಲಿ ಸವೆಯುವ ವೋಲ್ಟೇಜು, ಹರಿಯುವ ಆಂಪಿಯರನ್ನು ರೋಧದಿಂದ ಗುಣಿಸಿದಷ್ಟು. ಓಮನ ನಿಯಮ ಎಂದು ಪ್ರೌಢಶಾಲೆಯಲ್ಲಿ ಕಲಿತದ್ದು ಇದೇ.

ಈ ಹೋಲಿಕೆಯಲ್ಲಿ ಇನ್ನೊಂದು ಮಾತು ಅಡಗಿದೆ, ಅದು ಮೊದಲಿನದಕ್ಕಿಂತ ಮುಖ್ಯ. ಸಾಲಿನ ಎಲ್ಲ ಬಾಯಿಗಳನ್ನೂ ಮುಚ್ಚಿ ಪೈಪಿನ ಕೊನೆಯಲ್ಲಿ ಒತ್ತಡ ಅಳೆದರೆ, ನೀರು ಹರಿಯುತ್ತಿಲ್ಲವಾದ್ದರಿಂದ, ಅಲ್ಲಿಯೂ ಪೂರ್ತಿ ಒತ್ತಡವೇ ಕಾಣುತ್ತದೆ. ಬಾಯಿಗಳನ್ನು ತೆರೆದ ಕ್ಷಣ ಅದು ಕುಸಿಯುತ್ತದೆ. ಹಾಗೆಯೇ ರೀಡರನ್ನು ಬಿಚ್ಚಿ, ಬರಿಯ ವೈರಿನ ತುದಿಗೆ ಮೀಟರ್ ಹಿಡಿದು ‘12 ವೋಲ್ಟ್ ಬರುತ್ತಿದೆ, ಸಪ್ಲೈ ಸರಿಯಿದೆ’ ಎಂದು ತೀರ್ಮಾನಿಸುವುದು ಈ ಕೆಲಸದಲ್ಲಿ ಅತಿ ಸಾಮಾನ್ಯವಾದ ತಪ್ಪು. ಒಂದೇ ಒಂದು ಎಳೆ ಉಳಿದಿರುವ, ಮುಕ್ಕಾಲು ತುಂಡಾದ ವೈರು ಕೂಡ ಲೋಡ್ ಇಲ್ಲದಿದ್ದಾಗ, ಅಂದರೆ ಕರೆಂಟು ಎಳೆಯುವ ಉಪಕರಣ ಜೋಡಿಸಿಲ್ಲದಿದ್ದಾಗ, 12 ವೋಲ್ಟನ್ನೇ ತೋರಿಸುತ್ತದೆ. ರೀಡರ್ ಚಾಲೂ ಇದ್ದು, ಲಾಕು ಕಚ್ಚಿಕೊಂಡಿರುವಾಗ ಅಳೆದ ಸಂಖ್ಯೆಗೆ ಮಾತ್ರ ಬೆಲೆ.

ಈಗ ಒಂದು ಲೆಕ್ಕ ಮಾಡೋಣ. ಆಫೀಸಿನಲ್ಲಿ ಎಸ್‌ಎಂಪಿಎಸ್ ಇಟ್ಟಿರುವ ಬಾಕ್ಸಿನಿಂದ ಗೇಟಿಗೆ 60 ಮೀಟರ್ ಎಂದಿಟ್ಟುಕೊಳ್ಳಿ. ಕರೆಂಟು ಹೋಗಿ ಹಿಂದಿರುಗಬೇಕಾದ್ದರಿಂದ ವೈರಿನ ಉದ್ದ 120 ಮೀಟರ್. ಕಂಪ್ಯೂಟರ್ ನೆಟ್‌ವರ್ಕಿಗೆ ಬಳಸುವ ಕೇಬಲಿನಲ್ಲಿ ಎಂಟು ಎಳೆಗಳಿದ್ದು, 24 ಗೇಜಿನ ಒಂದೊಂದು ತಾಮ್ರದ ಎಳೆಯ ಅಡ್ಡಕೊಯ್ತ ಸುಮಾರು 0.2 ಸ್ಕ್ವೇರ್ ಎಂಎಂ ಇರುತ್ತದೆ; ಅದರ 120 ಮೀಟರಿನ ರೋಧ ಹತ್ತಿರಹತ್ತಿರ 10 ಓಮ್. ರೀಡರ್ ಒಂದೇ ಇದ್ದರೆ 0.1 ಆಂಪಿಯರಿಗೆ ಸವೆಯುವುದು 1 ವೋಲ್ಟ್. ಗೇಟಿಗೆ 11 ವೋಲ್ಟ್ ತಲುಪುತ್ತದೆ, ಚಿಂತೆಯಿಲ್ಲ. ಲಾಕನ್ನೂ ಅದೇ ಎಳೆಗಳಿಗೆ ಕಟ್ಟಿ, ಒಟ್ಟು 0.6 ಆಂಪಿಯರ್ ಬೇಕೆಂದಾದರೆ ಲೆಕ್ಕದ ಪ್ರಕಾರ 6 ವೋಲ್ಟ್ ದಾರಿಯಲ್ಲೇ ಸವೆಯಬೇಕು. ವೋಲ್ಟೇಜ್ ಇಳಿದಂತೆ ಲಾಕು ಎಳೆಯುವ ಕರೆಂಟೂ ಕಡಿಮೆಯಾಗುವುದರಿಂದ ಗೇಟಿನಲ್ಲಿ ನಿಜವಾಗಿ ನಿಲ್ಲುವುದು 8 ವೋಲ್ಟಿನ ಆಸುಪಾಸು. ಆಗ ಲಾಕಿನ ಹಿಡಿತ ಸಡಿಲವಾಗಿ, ಬಲವಾಗಿ ತಳ್ಳಿದರೆ ಬಾಗಿಲು ಬಿಟ್ಟುಕೊಳ್ಳಬಹುದು. ರೀಡರ್ ಏನು ಮಾಡುತ್ತದೆ ಎಂಬುದು ಅದರ ಜಾತಿಯ ಮೇಲೆ ನಿಂತಿದೆ: ಕೆಲವು 5ರಿಂದ 16 ವೋಲ್ಟಿನವರೆಗೆ ಏನು ಕೊಟ್ಟರೂ ಸಹಿಸಿಕೊಳ್ಳುತ್ತವೆ, ಕೆಲವು 10 ವೋಲ್ಟಿನ ಕೆಳಗೆ ಇಳಿದ ಕೂಡಲೇ ಕೈಚೆಲ್ಲುತ್ತವೆ. ಹಿಂಬದಿಯ ಚೀಟಿಯಲ್ಲಿ ಇದನ್ನು ಬರೆದಿರುತ್ತಾರೆ, ಓದಿಕೊಳ್ಳಬೇಕು.

ಅದೇ ದೂರಕ್ಕೆ 1 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆದರೆ ರೋಧ ಸುಮಾರು 2 ಓಮ್‌ಗೆ ಇಳಿಯುತ್ತದೆ, 0.6 ಆಂಪಿಯರಿಗೆ ಸವೆಯುವುದು 1.2 ವೋಲ್ಟ್ ಅಷ್ಟೇ. ಒಂದೂವರೆ ಸ್ಕ್ವೇರ್ ಎಳೆದರೆ 0.8 ವೋಲ್ಟ್. ಈಗಾಗಲೇ ನೆಟ್‌ವರ್ಕ್ ಕೇಬಲ್ ಎಳೆದಾಗಿದೆ, ನೆಲ ಅಗೆಯುವ ಹಾಗಿಲ್ಲ ಎಂಬಲ್ಲಿ ಒಂದು ಉಪಾಯವಿದೆ: ಖಾಲಿ ಬಿದ್ದಿರುವ ಎಳೆಗಳಲ್ಲಿ ಎರಡನ್ನು ಪ್ಲಸ್ಸಿಗೆ, ಎರಡನ್ನು ಮೈನಸ್ಸಿಗೆ ಎರಡೂ ತುದಿಯಲ್ಲಿ ಜೊತೆಗೂಡಿಸಿದರೆ ರೋಧ ಅರ್ಧವಾಗುತ್ತದೆ. ರೀಡರ್ ಮಾತ್ರ ಇರುವ ಕಡೆ ಇದು ಧಾರಾಳವಾಗಿ ಸಾಕು. ಲಾಕು ಇರುವ ಕಡೆ ಅದಕ್ಕೇ ಬೇರೆ ದಪ್ಪ ವೈರ್ ಎಳೆಯುವುದು ಒಳ್ಳೆಯದು ಎಂಬುದು ನನ್ನ ಅನುಭವ.

ಕೇಬಲ್ ಕೊಳ್ಳುವಾಗ ಇನ್ನೊಂದು ಎಚ್ಚರ ಬೇಕು. ಅಗ್ಗದ ಕೇಬಲಿನ ಎಳೆಗಳು ಹೊರಗೆ ತಾಮ್ರದ ಬಣ್ಣಕ್ಕಿದ್ದರೂ ಒಳಗೆ ಅಲ್ಯೂಮಿನಿಯಂ ಆಗಿರುತ್ತವೆ, ಮೇಲೆ ತೆಳುವಾಗಿ ತಾಮ್ರ ಹೊದಿಸಿರುತ್ತಾರೆ. ಎಳೆಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿದರೆ ಬೆಳ್ಳಗೆ ಹೊಳೆಯುತ್ತದೆ. ಶುದ್ಧ ತಾಮ್ರವಾದರೆ ಎಷ್ಟು ಕೆರೆದರೂ ಕೆಂಪೇ. ಅಲ್ಯೂಮಿನಿಯಂ ಒಳಗಿರುವ ಎಳೆಯ ರೋಧ ಅಷ್ಟೇ ದಪ್ಪದ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು, ಜೊತೆಗೆ ಎರಡು ಸಲ ಬಾಗಿಸಿದರೆ ಅದು ಮುರಿದುಬಿಡುತ್ತದೆ.

ಹಾಸ್ಟೆಲಿನ ಗೇಟಿನಲ್ಲಿ ಮೀಟರ್ ಹೇಳಿದ್ದು

ಆ ಹಾಸ್ಟೆಲಿನಲ್ಲಿ ಬಾಕ್ಸಿನಿಂದ ಗೇಟಿಗೆ 40 ಮೀಟರ್ ದೂರ, ಎಳೆದಿದ್ದುದು 1 ಸ್ಕ್ವೇರ್ ಎಂಎಂ ವೈರ್. ಮೇಲಿನ ಲೆಕ್ಕದಂತೆ ಹೋಗಿ ಬರುವ ದಾರಿಯ ರೋಧ 1.4 ಓಮ್ ಇರಬೇಕಿತ್ತು, ಅಂದರೆ ಲಾಕು ಹಾಕಿದಾಗಲೂ ಒಂದು ವೋಲ್ಟಿಗಿಂತ ಕಡಿಮೆ ಸವೆಯಬೇಕಿತ್ತು. ಮೀಟರನ್ನು ಡಿ.ಸಿ. ವೋಲ್ಟಿಗೆ ತಿರುಗಿಸಿ ಬಾಕ್ಸಿನೊಳಗಿನ ಟರ್ಮಿನಲ್ಲಿನಲ್ಲಿ ಅಳೆದಾಗ 12.2 ಇತ್ತು. ಗೇಟಿನಲ್ಲಿ ರೀಡರಿನ ಹಿಂದೆ, ಲಾಕು ಬಿಟ್ಟಿರುವಾಗ 11.7. ಒಬ್ಬರನ್ನು ಸ್ವಿಚ್ಚಿನ ಬಳಿ ನಿಲ್ಲಿಸಿ ಲಾಕು ಹಾಕಿಸಿದೆ. ಮೀಟರಿನ ಅಂಕಿ 9.7ಕ್ಕೆ ಇಳಿದು ನಿಂತಿತು, ರೀಡರಿನ ದೀಪ ಒಮ್ಮೆ ಮಿನುಗಿ ಆರಿಹೋಯಿತು. ಆ ರೀಡರಿಗೆ ಕನಿಷ್ಠ 10 ವೋಲ್ಟ್ ಬೇಕಿತ್ತು. ಅದಕ್ಕೇ ಹಗಲು ಲಾಕು ಬಿಟ್ಟಿದ್ದಾಗ ಎಲ್ಲವೂ ಸರಿ, ರಾತ್ರಿ ಲಾಕು ಹಾಕಿದಾಗ ರೀಡರ್ ನಿರ್ಜೀವ.

ಎರಡೂವರೆ ವೋಲ್ಟ್ ಎಲ್ಲಿ ಸೋರುತ್ತಿದೆ ಎಂದು ಕಂಡುಹಿಡಿಯಲು, ಹೊಲದಲ್ಲಿ ಪೈಪು ಕಟ್ಟಿಕೊಂಡ ಜಾಗವನ್ನು ಹುಡುಕುವ ಹಾಗೆ, ದಾರಿಯನ್ನು ಎರಡು ಭಾಗ ಮಾಡಿ ಅಳೆಯಬೇಕು. ಕಾಂಪೌಂಡ್ ಗೋಡೆಯ ಅರ್ಧದಲ್ಲಿ ಒಂದು ಜಂಕ್ಷನ್ ಬಾಕ್ಸ್ ಇತ್ತು. ಮುಚ್ಚಳ ತೆಗೆದಾಗ ಒಳಗೆ ಇರುವೆ ಕಟ್ಟಿದ ಮಣ್ಣು, ತಳದಲ್ಲಿ ಹಿಂದಿನ ವಾರದ ಮಳೆ ನೀರು. ಪ್ಲಸ್ ವೈರನ್ನು ಅಲ್ಲಿ ಬರಿಗೈಯಲ್ಲಿ ಹೊಸೆದು, ಮೇಲೆ ಕಪ್ಪು ಟೇಪ್ ಸುತ್ತಿದ್ದರು. ಟೇಪಿನ ಅಂಟು ಕರಗಿ ಜಾರಿಹೋಗಿ, ತಾಮ್ರದ ಮೇಲೆ ಹಸಿರು ಕಿಲುಬು ಹತ್ತಿತ್ತು. ಲಾಕು ಹಾಕಿರುವಾಗಲೇ ಮೀಟರಿನ ಎರಡು ಕಡ್ಡಿಗಳನ್ನು ಆ ಜಾಯಿಂಟಿನ ಆ ಬದಿಗೊಂದು ಈ ಬದಿಗೊಂದು ಇಟ್ಟೆ: 1.8 ವೋಲ್ಟ್. ಸರಿಯಿರುವ ಜಾಯಿಂಟಿನಲ್ಲಿ ಅದು ಸೊನ್ನೆಗೆ ಹತ್ತಿರ ಇರಬೇಕು. ನಲವತ್ತು ಮೀಟರ್ ವೈರೆಲ್ಲ ಸೇರಿ ಸವೆಸುತ್ತಿದ್ದುದು 0.7 ವೋಲ್ಟ್, ಒಂದು ಅಂಗುಲದ ಜಾಯಿಂಟು ಅದರ ಎರಡೂವರೆ ಪಟ್ಟು ತಿನ್ನುತ್ತಿತ್ತು.

ಹೊಸೆದ ಜಾಯಿಂಟು ಹೊಸದಾಗಿದ್ದಾಗ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದ್ದರಿಂದಲೇ ಅದು ಮೋಸಗೊಳಿಸುತ್ತದೆ. ಹಗಲಿನ ಬಿಸಿಲಿಗೆ ಹಿಗ್ಗಿ ರಾತ್ರಿಯ ತಂಪಿಗೆ ಕುಗ್ಗುತ್ತ ಅದು ಸಡಿಲವಾಗುತ್ತದೆ, ಸಡಿಲವಾದೆಡೆ ತೇವ ನುಗ್ಗುತ್ತದೆ, ತೇವ ಕಿಲುಬಾಗುತ್ತದೆ, ಕಿಲುಬು ರೋಧವಾಗುತ್ತದೆ. ಸಾಧ್ಯವಾದಲ್ಲಿ ನಡುವೆ ಜಾಯಿಂಟೇ ಇಲ್ಲದಂತೆ ವೈರ್ ಎಳೆಯಬೇಕು. ಇರಲೇಬೇಕಾದರೆ ಬೆಸುಗೆ ಹಾಕಿ, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ಹೊದಿಸಬೇಕು, ಅಥವಾ ಸ್ಕ್ರೂ ಟರ್ಮಿನಲ್ಲಿನಲ್ಲಿ ಬಿಗಿದು ನೀರು ನುಗ್ಗದ ಬಾಕ್ಸಿನಲ್ಲಿಟ್ಟು, ಕೇಬಲನ್ನು ಬಾಕ್ಸಿನ ಕೆಳಗಿನಿಂದಲೇ ಒಳಗೆ ತರಬೇಕು. ಮೇಲಿನಿಂದ ತಂದರೆ ಮಳೆ ನೀರು ಕೇಬಲಿನ ಮೈಮೇಲೆ ಇಳಿದು ನೇರವಾಗಿ ಒಳಗೆ ಬರುತ್ತದೆ.

ಡೇಟಾ ವೈರಿನ 26 ಬಡಿತಗಳು

ಬೀಪ್ ಬರುತ್ತದೆ, ವೋಲ್ಟೇಜೂ ಸರಿಯಿದೆ, ಆದರೂ ಬಾಗಿಲು ತೆರೆಯುವುದಿಲ್ಲ ಎಂದಾಗ ಡೇಟಾ ವೈರಿನ ಕಡೆ ತಿರುಗಬೇಕು. ಬಹಳಷ್ಟು ರೀಡರುಗಳು ಇನ್ನೂ ವೀಗಾಂಡ್ ಎಂಬ ಹಳೆಯ ಪದ್ಧತಿಯಲ್ಲೇ ಮಾತಾಡುತ್ತವೆ. ಅದರಲ್ಲಿ ಎರಡು ಡೇಟಾ ವೈರುಗಳು, ವಾಡಿಕೆಯಂತೆ ಹಸಿರು ಮತ್ತು ಬಿಳಿ. ಸುಮ್ಮನಿರುವಾಗ ಎರಡರಲ್ಲೂ ಸುಮಾರು 5 ವೋಲ್ಟ್ ಇರುತ್ತದೆ. ಎರಡು ಗಂಟೆಗಳನ್ನು ತೂಗುಹಾಕಿಕೊಂಡು, ಸೊನ್ನೆ ಹೇಳಬೇಕಾದರೆ ಹಸಿರು ಗಂಟೆಯನ್ನೂ ಒಂದು ಹೇಳಬೇಕಾದರೆ ಬಿಳಿ ಗಂಟೆಯನ್ನೂ ಬಾರಿಸುವ ಹಾಗೆ, ರೀಡರ್ ಆಯಾ ವೈರಿನ ವೋಲ್ಟೇಜನ್ನು ಕ್ಷಣಮಾತ್ರ ಸೊನ್ನೆಗೆ ಎಳೆದು ಬಿಡುತ್ತದೆ. ಒಂದೊಂದು ಬಡಿತ ಒಂದು ಸೆಕೆಂಡಿನ ಲಕ್ಷದ ಕೆಲವೇ ಪಾಲು ಮಾತ್ರ ಇದ್ದು, ನಡುವಿನ ಬಿಡುವು ಒಂದೆರಡು ಮಿಲಿಸೆಕೆಂಡ್. ಸಾಮಾನ್ಯ ಕಾರ್ಡಿಗೆ ಇಂಥ ಬಡಿತ 26: ಎಂಟು ಸ್ಥಳದ ಸಂಕೇತಕ್ಕೆ, ಹದಿನಾರು ಕಾರ್ಡಿನ ಸಂಖ್ಯೆಗೆ, ಮೊದಲ ಮತ್ತು ಕೊನೆಯ ಎರಡು ಲೆಕ್ಕ ತಾಳೆ ನೋಡುವುದಕ್ಕೆ.

ಈ ಮಾತು ಒಂದೇ ದಿಕ್ಕಿನದು. ‘ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು’ ಎಂದು ಕೇಳುವ ದಾರಿ ಕಂಟ್ರೋಲರಿಗೆ ಇಲ್ಲ. 26 ಬಡಿತಗಳಲ್ಲಿ ಒಂದು ಕೇಳಿಸದೆ ಹೋದರೆ, ಅಥವಾ ಎಲ್ಲಿಂದಲೋ ಬಂದ ಸದ್ದೊಂದು 27ನೆಯದಾಗಿ ಸೇರಿಕೊಂಡರೆ, ಕಂಟ್ರೋಲರ್ ಇಡೀ ಸಂಖ್ಯೆಯನ್ನು ಬಿಸಾಡಿ ಸುಮ್ಮನಾಗುತ್ತದೆ. ಮೂರು ಸಲ ಹಿಡಿದರೆ ಒಂದು ಸಲ ತೆರೆಯುವ ಬಾಗಿಲಿನ ರಹಸ್ಯ ಹೆಚ್ಚಾಗಿ ಇದೇ. ಹಸಿರು ಬಿಳಿ ಅದಲುಬದಲಾಗಿದ್ದರೆ ಸೊನ್ನೆಯೆಲ್ಲ ಒಂದಾಗಿ, ಒಂದೆಲ್ಲ ಸೊನ್ನೆಯಾಗಿ ತಾಳೆ ತಪ್ಪುತ್ತದೆ. ತಾಳೆ ನೋಡದ ಕಂಟ್ರೋಲರಾದರೆ ಬೇರೆಯೇ ಕಾರ್ಡಿನ ಸಂಖ್ಯೆಯನ್ನು ತೋರಿಸುತ್ತದೆ. ಹೊಸದಾಗಿ ಹಾಕಿದ ರೀಡರಿನಲ್ಲಿ ಯಾವ ಕಾರ್ಡೂ ನಡೆಯದಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಬಡಿತ ತಪ್ಪಲು ಕಾರಣಗಳು ಕೆಲವು. ಮೊದಲನೆಯದು ಮೈನಸ್ ವೈರು ಜೊತೆಗೂಡದಿರುವುದು. ಗೇಟಿನ ಬಳಿಯೇ ಒಂದು ಅಡಾಪ್ಟರ್ ಇಟ್ಟು ರೀಡರಿಗೆ ಕರೆಂಟು ಕೊಟ್ಟು, ಕಂಟ್ರೋಲರಿಗೆ ಎರಡು ಡೇಟಾ ವೈರನ್ನು ಮಾತ್ರ ಎಳೆದಿರುತ್ತಾರೆ. 5 ವೋಲ್ಟ್ ಎಂದರೆ ಯಾವುದರಿಂದ 5 ವೋಲ್ಟ್? ಎತ್ತರ ಅಳೆಯುವ ಇಬ್ಬರೂ ಒಂದೇ ನೆಲದ ಮೇಲೆ ನಿಂತಿರಬೇಕು, ಇಲ್ಲದಿದ್ದರೆ ಒಬ್ಬರ ಅಳತೆ ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ. ಆ ನೆಲವೇ ಮೈನಸ್. ಎರಡು ಬೇರೆ ಸಪ್ಲೈಗಳಿದ್ದಾಗ ಅವುಗಳ ಮೈನಸ್ಸನ್ನು ಒಂದು ವೈರಿನಿಂದ ಸೇರಿಸಬೇಕು, ಪ್ಲಸ್ಸನ್ನು ಸೇರಿಸಬಾರದು. ಎರಡನೆಯದು ದೂರ: ತಕ್ಕ ದಪ್ಪದ ವೈರಿದ್ದರೂ ವೀಗಾಂಡ್ ಪದ್ಧತಿಗೆ 150 ಮೀಟರ್ ಎಂಬುದು ಸಾಮಾನ್ಯವಾಗಿ ಹೇಳುವ ಮಿತಿ, ತೆಳು ವೈರಿನಲ್ಲಿ ಅದಕ್ಕಿಂತ ಮೊದಲೇ ತೊಂದರೆ ಶುರುವಾಗುತ್ತದೆ. ಅದಕ್ಕೂ ದೂರದ ಗೇಟುಗಳಿಗೆ ಆರ್‌ಎಸ್-485 ಎಂಬ ಇನ್ನೊಂದು ಪದ್ಧತಿ ಇದೆ. ಅದು ಹೊಸೆದ ಜೋಡಿ ವೈರಿನಲ್ಲಿ ಕಡಿಮೆ ವೇಗದಲ್ಲಿ 1,200 ಮೀಟರಿನವರೆಗೆ ಹೋಗಬಲ್ಲದು, ಸಾಲಿನ ಎರಡು ಕೊನೆಗಳಲ್ಲಿ ಮಾತ್ರ 120 ಓಮಿನ ರೆಸಿಸ್ಟರ್ ಕೂರಿಸಬೇಕಾಗುತ್ತದೆ.

ಮೂರನೆಯದು ಕಾರ್ಖಾನೆಗಳಲ್ಲಿ ಹೆಚ್ಚು. ಮೋಟಾರಿನ ವೇಗ ನಿಯಂತ್ರಿಸುವ ಡ್ರೈವುಗಳ ತ್ರೀ ಫೇಸ್ ಕೇಬಲ್ ಹೋಗುವ ಟ್ರೇಯಲ್ಲೇ ರೀಡರಿನ ತೆಳು ಕೇಬಲನ್ನೂ ಮಲಗಿಸಿದರೆ, ಒಂದು ಮುಟ್ಟದೆಯೇ ಇನ್ನೊಂದರಲ್ಲಿ ಗದ್ದಲ ಎಬ್ಬಿಸುತ್ತದೆ. ಒಂದಡಿಯಾದರೂ ಅಂತರವಿರಲಿ, ದಾಟಲೇಬೇಕಾದ ಕಡೆ ಅಡ್ಡವಾಗಿ ದಾಟಲಿ. ಮೇಲೆ ಹಾಳೆ ಅಥವಾ ಜಾಲರಿ ಸುತ್ತಿದ ಶೀಲ್ಡ್ ಕೇಬಲ್ ಬಳಸಿದರೆ ಆ ಶೀಲ್ಡನ್ನು ಕಂಟ್ರೋಲರಿನ ಬದಿಯಲ್ಲಿ ಮಾತ್ರ ಅರ್ತಿಗೆ ಕೊಡಬೇಕು. ಎರಡೂ ಕಡೆ ಕೊಟ್ಟರೆ ಎರಡು ಅರ್ತುಗಳ ನಡುವಿನ ವ್ಯತ್ಯಾಸದಿಂದ ಶೀಲ್ಡಿನಲ್ಲೇ ಕರೆಂಟು ಹರಿದು, ಗದ್ದಲ ತಡೆಯಬೇಕಾದದ್ದೇ ಗದ್ದಲ ತರುತ್ತದೆ.

ಲಾಕು ಬಿಟ್ಟಾಗ ಬರುವ ಹೊಡೆತ

ಜೋರಾಗಿ ನೀರು ಹರಿಯುತ್ತಿರುವ ಪೈಪಿನ ವಾಲ್ವನ್ನು ಒಮ್ಮೆಲೇ ಮುಚ್ಚಿದರೆ ಪೈಪೆಲ್ಲ ಧಡ್ಡನೆ ಅದುರುವುದನ್ನು ಬೋರ್‌ವೆಲ್ ಇರುವವರೆಲ್ಲ ಕೇಳಿರುತ್ತಾರೆ. ಹರಿಯುತ್ತಿದ್ದ ನೀರಿಗೆ ತಟ್ಟನೆ ನಿಲ್ಲಲಾಗದೆ ಒತ್ತಡ ಚಿಮ್ಮುತ್ತದೆ. ಮ್ಯಾಗ್ನೆಟಿಕ್ ಲಾಕಿನ ಸುರುಳಿಯಲ್ಲೂ ಹೀಗೆಯೇ. ರಿಲೇ ಅದರ ಕರೆಂಟನ್ನು ಕಡಿದ ಕ್ಷಣದಲ್ಲಿ 12 ವೋಲ್ಟಿನ ಸುರುಳಿಯಿಂದ ನೂರಾರು ವೋಲ್ಟಿನ ಒಂದು ಹೊಡೆತ ಚಿಮ್ಮಬಹುದು. ಅದು ರಿಲೇಯ ತುದಿಗಳನ್ನು ಸುಡುತ್ತದೆ, ವೈರಿನ ಗುಂಟ ಓಡಿ ರೀಡರನ್ನು ಗಾಬರಿಗೊಳಿಸುತ್ತದೆ, ಕಾಲಾಂತರದಲ್ಲಿ ಕೊಲ್ಲಲೂಬಹುದು. ಬಾಗಿಲು ತೆರೆದ ಕೂಡಲೇ ರೀಡರ್ ಹೊಸದಾಗಿ ಚಾಲೂ ಆಗುತ್ತಿದ್ದರೆ ಇದನ್ನು ಅನುಮಾನಿಸಬೇಕು.

ಇದಕ್ಕೆ ಮದ್ದು, ಕರೆಂಟನ್ನು ಒಂದೇ ದಿಕ್ಕಿಗೆ ಹರಿಯಬಿಡುವ, ಒಂದೆರಡು ರೂಪಾಯಿಯ ಡಯೋಡ್. 1ಎನ್4007 ಎಂದು ಕೇಳಿದರೆ ರೇಡಿಯೋ ಅಂಗಡಿಯಲ್ಲಿ ಸಿಗುತ್ತದೆ. ಅದರ ಬೆಳ್ಳಿ ಗೆರೆಯಿರುವ ತುದಿಯನ್ನು ಲಾಕಿನ ಪ್ಲಸ್ಸಿಗೆ, ಇನ್ನೊಂದು ತುದಿಯನ್ನು ಮೈನಸ್ಸಿಗೆ, ಲಾಕಿಗೆ ಆದಷ್ಟು ಹತ್ತಿರದಲ್ಲಿ ಕೂರಿಸಬೇಕು. ತಿರುವುಮುರುವಾಗಿ ಕೂರಿಸಿದರೆ ಅದು ನೇರ ಶಾರ್ಟ್ ಆಗುತ್ತದೆ, ಆದ್ದರಿಂದ ಗೆರೆಯನ್ನು ಎರಡು ಸಲ ನೋಡಿ ಕೂರಿಸಿ. ಕೆಲವು ಲಾಕುಗಳೊಳಗೆ ಇಂಥ ರಕ್ಷಣೆ ಮೊದಲೇ ಇರುತ್ತದೆ.

ಕರೆಂಟು ಹೋದಾಗ

ಮ್ಯಾಗ್ನೆಟಿಕ್ ಲಾಕಿಗೆ ಕರೆಂಟು ತಪ್ಪಿದರೆ ಬಾಗಿಲು ಬಿಟ್ಟುಕೊಳ್ಳುತ್ತದೆ. ಬೆಂಕಿ ಬಿದ್ದಾಗ ಒಳಗಿರುವವರು ಸಿಕ್ಕಿಹಾಕಿಕೊಳ್ಳಬಾರದೆಂದು ಇದು ಬೇಕಾದ ಗುಣವೇ. ಆದರೆ ಬೆಸ್ಕಾಂ ಲೈನು ಹೋದಾಗಲೆಲ್ಲ ಗೇಟು ತೆರೆದುಕೊಳ್ಳಬಾರದಲ್ಲ, ಅದಕ್ಕಾಗಿ ಸಪ್ಲೈ ಬಾಕ್ಸಿನಲ್ಲಿ 12 ವೋಲ್ಟ್, 7 ಆಂಪಿಯರ್-ಅವರಿನ ಮೊಹರು ಮಾಡಿದ ಬ್ಯಾಟರಿ ಇಟ್ಟಿರುತ್ತಾರೆ. ರೀಡರ್, ಲಾಕ್, ಕಂಟ್ರೋಲರ್ ಸೇರಿ 0.8 ಆಂಪಿಯರ್ ಎಳೆದರೆ ಕಾಗದದ ಲೆಕ್ಕದಲ್ಲಿ ಎಂಟೂಮುಕ್ಕಾಲು ಗಂಟೆ ಬರಬೇಕು. ಆ 7 ಎಂಬ ಅಂಕಿ ಇಪ್ಪತ್ತು ಗಂಟೆಗಳ ಕಾಲ ನಿಧಾನವಾಗಿ ಖಾಲಿ ಮಾಡಿದಾಗಿನದು. ಬೇಗ ಖಾಲಿ ಮಾಡಿದರೆ ಕಡಿಮೆ ಸಿಗುತ್ತದೆ, ಬ್ಯಾಟರಿ ಹಳತಾದರೆ ಇನ್ನೂ ಕಡಿಮೆ.

ಬ್ಯಾಟರಿಯ ಶತ್ರು ಬಿಸಿ. ವಾತಾವರಣ 10 ಡಿಗ್ರಿ ಹೆಚ್ಚಿದರೆ ಇದರ ಆಯಸ್ಸು ಸರಿಸುಮಾರು ಅರ್ಧವಾಗುತ್ತದೆ ಎಂಬುದು ತಂತ್ರಜ್ಞರೆಲ್ಲ ಬಳಸುವ ಲೆಕ್ಕ, ಆದ್ದರಿಂದ ಪಶ್ಚಿಮದ ಬಿಸಿಲು ಬೀಳುವ ಗೋಡೆಯ ತಗಡಿನ ಬಾಕ್ಸಿನಲ್ಲಿರುವ ಬ್ಯಾಟರಿ ಎರಡು ವರ್ಷಕ್ಕೇ ಸೋತಿರಬಹುದು. ಬ್ಯಾಟರಿಯ ಪರೀಕ್ಷೆಗೂ, ಲೋಡ್ ಇರುವಾಗಲೇ ಅಳೆಯಬೇಕೆಂಬ ಹಿಂದೆ ಹೇಳಿದ ಸೂತ್ರವೇ ಅನ್ವಯಿಸುತ್ತದೆ. ಚಾರ್ಜ್ ಆಗುತ್ತಿರುವಾಗ ಅಳೆದರೆ ಕಾಣುವ 13.8 ವೋಲ್ಟ್ ಚಾರ್ಜರಿನದು, ಬ್ಯಾಟರಿಯದಲ್ಲ. ಮೈನ್ ಸ್ವಿಚ್ ಆರಿಸಿ, ಲಾಕು ರೀಡರ್ ಎಲ್ಲವೂ ಬ್ಯಾಟರಿಯ ಮೇಲೆ ನಡೆಯುತ್ತಿರುವಾಗ ಕಾಲು ಗಂಟೆ ಕಾದು ಅಳೆಯಿರಿ. ಅಷ್ಟರಲ್ಲೇ 11 ವೋಲ್ಟಿನ ಕೆಳಗೆ ಜಾರಿದ್ದರೆ ಬದಲಾಯಿಸುವ ಕಾಲ ಬಂದಿದೆ. ಸತ್ತ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ, ಕರೆಂಟು ಬಂದ ಮೇಲೂ ಅದು ಸಪ್ಲೈಯ ಶಕ್ತಿಯನ್ನು ತನ್ನತ್ತ ಎಳೆದುಕೊಂಡು ರೀಡರನ್ನು ಹಸಿವಿನಲ್ಲಿಡಬಹುದು.

ಕೈ ಹಾಕುವ ಮುನ್ನ

12 ವೋಲ್ಟಿನ ಬದಿಯನ್ನು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಅದೇ ಎಸ್‌ಎಂಪಿಎಸ್‌ನ ಇನ್ನೊಂದು ಬದಿಯಲ್ಲಿ 230 ವೋಲ್ಟ್ ಇರುತ್ತದೆ, ಒಂದೇ ಪಟ್ಟಿಯಲ್ಲಿ ಎರಡೂ ಸ್ಕ್ರೂಗಳು ಅಕ್ಕಪಕ್ಕ ಇರುವುದೂ ಉಂಟು, ಸ್ವಿಚ್ ಆರಿಸಿದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಕರೆಂಟು ಉಳಿದಿರುತ್ತದೆ. ಆ ಬದಿಯ ಕೆಲಸವನ್ನು ಎಂಸಿಬಿ ಆರಿಸಿ ಎಲೆಕ್ಟ್ರಿಷಿಯನ್ನರೇ ಮಾಡಲಿ. ಇನ್ನು, ಒಳಗಿನಿಂದ ಹೊರಬರುವ ಬಟನ್ನನ್ನಾಗಲಿ, ಗಾಜು ಒಡೆದು ಲಾಕು ಬಿಡಿಸುವ ತುರ್ತು ಪೆಟ್ಟಿಗೆಯನ್ನಾಗಲಿ, ಫೈರ್ ಅಲಾರಂ ಬಂದಾಗ ಲಾಕಿನ ಕರೆಂಟು ಕಡಿಯುವ ವೈರನ್ನಾಗಲಿ ತಾತ್ಕಾಲಿಕವಾಗಿಯೂ ಬೈಪಾಸ್ ಮಾಡಬಾರದು. ದೋಷ ಹುಡುಕುವಾಗ ಅಡ್ಡ ಬಂತೆಂದು ಬಿಚ್ಚಿಟ್ಟ ವೈರನ್ನು ಮರೆತು ಬರುವುದು ಸುಲಭ, ಆ ಮರೆವಿಗೆ ಬೆಲೆ ತೆರುವವರು ಒಳಗಿರುವವರು.

ಹಾಸ್ಟೆಲಿನಲ್ಲಿ ಆ ಜಾಯಿಂಟನ್ನು ಕತ್ತರಿಸಿ, ಹೊಳೆಯುವ ತಾಮ್ರ ಕಾಣುವವರೆಗೆ ವೈರ್ ಸುಲಿದು, ಬೆಸುಗೆ ಹಾಕಿ, ಹೊಸ ಬಾಕ್ಸಿನಲ್ಲಿ ಕೂರಿಸಿದೆವು. ಲಾಕು ಹಾಕಿಸಿ ಗೇಟಿನಲ್ಲಿ ಮತ್ತೆ ಅಳೆದಾಗ 11.4 ವೋಲ್ಟ್ ಇತ್ತು. ಮೊದಲು ತೆಗೆದುಹಾಕಿದ್ದ ಎರಡು ರೀಡರುಗಳನ್ನೂ ಅದೇ ವೈರಿಗೆ ಕಟ್ಟಿ ನೋಡಿದೆವು. ಎರಡೂ ಚೆನ್ನಾಗಿಯೇ ಓದಿದವು. ಬಾಕ್ಸಿನ ಬಾಗಿಲ ಒಳಬದಿಗೆ ಒಂದು ಚೀಟಿ ಅಂಟಿಸಿ, ಆ ದಿನದ ತಾರೀಖು, ಬಾಕ್ಸಿನಲ್ಲಿ 12.2, ಲಾಕು ಹಾಕಿದಾಗ ಗೇಟಿನಲ್ಲಿ 11.4 ಎಂದು ಬರೆದಿಟ್ಟು ಬಂದೆ. ಮುಂದೊಮ್ಮೆ ದೂರು ಬಂದಾಗ ಯಾರೇ ಮೀಟರ್ ಹಿಡಿದರೂ, ಆ ಎರಡು ಅಂಕಿಗಳ ಪಕ್ಕದಲ್ಲಿ ತಮ್ಮ ಎರಡು ಅಂಕಿಗಳನ್ನು ಇಟ್ಟು ನೋಡಬಹುದು.